ಮನೆಯೊಳಗಿನ ಶಾಲೆ: ಮಾರಿಯಾ ಮಾಂಟೆಸ್ಸೊರಿಯವರ ಬದುಕನ್ನು ಮತ್ತೆ ಓದಿದಾಗ

ಕಳೆದ ವರ್ಷ ಇಂಟರ್ನ್‌ಶಿಪ್ ಅವಧಿಯಲ್ಲಿ ಆರು ಮಂದಿ ಪ್ರಶಿಕ್ಷಣಾರ್ಥಿಗಳ ಮಾರ್ಗದರ್ಶಕಿಯಾಗಿ ನಾನು ವೈಟ್‌ಫೀಲ್ಡ್ ಕಡೆಯ ಒಂದು ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋಗುತ್ತಿದ್ದೆ. ಶಾಲೆಯ ಹಿಂದೆ ಏಳುತ್ತಿರುವ ಬಹುಮಹಡಿ ಕಟ್ಟಡ, ಅದರ ಪಕ್ಕದಲ್ಲಿ ತಗಡಿನ ಶೆಡ್ಡುಗಳ ಸಾಲು. ನಲಿ-ಕಲಿ ತರಗತಿಯ ಹೆಚ್ಚುಕಡಿಮೆ ಅರ್ಧ ಮಕ್ಕಳು ಆ ಶೆಡ್ಡುಗಳಿಂದ ಬರುವವರು. ಯಾದಗಿರಿ, ರಾಯಚೂರು ಕಡೆಯವರು ಹೆಚ್ಚು. ಒಡಿಶಾ, ಬಿಹಾರದಿಂದ ಬಂದವರೂ ಇದ್ದರು. ಮಳೆ ಕೈಕೊಟ್ಟೋ ಸಾಲ ಮೈಮೇಲೆ ಬಂದೋ ಊರು ಬಿಟ್ಟವರು. ಈ ಕಟ್ಟಡ ಮುಗಿದರೆ ಮೇಸ್ತ್ರಿ ಕರೆದ ಇನ್ನೊಂದು ಕಡೆಗೆ ಹೊರಡುವವರು.

ಈ ತಂದೆತಾಯಿಯರು ಪೋಷಕರ ಸಭೆಗೆ ಬರುವುದು ಸಾಧ್ಯವೇ ಇರಲಿಲ್ಲ. ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ. ಆದ್ದರಿಂದ ನಮ್ಮ ಪ್ರಶಿಕ್ಷಣಾರ್ಥಿಗಳು ವಾಟ್ಸ್‌ಆ್ಯಪ್ ಗುಂಪೊಂದನ್ನು ಮಾಡಿ ಪ್ರತಿ ಸಂಜೆ ಎರಡು ನಿಮಿಷದ ಧ್ವನಿ ಸಂದೇಶ ಕಳಿಸತೊಡಗಿದರು. ಮಲಗುವ ಮುಂಚೆ ಮಗುವಿನ ಜೊತೆ ಏನು ಮಾತಾಡಬಹುದು, ಹೊಸ ಜಾಗದಲ್ಲಿ ರಾತ್ರಿ ಹೆದರಿ ಅಳುವ ಮಗುವನ್ನು ಹೇಗೆ ಸಮಾಧಾನ ಮಾಡುವುದು, ಅಡುಗೆ ಮಾಡುವಾಗ ಚಿಕ್ಕ ಮಕ್ಕಳಿಗೆ ಯಾವ ಕೆಲಸ ಕೊಡಬಹುದು, ಇಂಥವು. ಆರಂಭ ಚೆನ್ನಾಗಿತ್ತು. ಕೆಡಿಸಿದ್ದು ನಾನು. ಕೆಲಸಕ್ಕೆ ಅಳತೆ ಬೇಕು ಎಂದು, ಯಾರು ಸಂದೇಶ ಕೇಳಿದರು, ಯಾರು ಕೇಳಲಿಲ್ಲ ಎಂಬ ಪಟ್ಟಿಯನ್ನು ಪ್ರತಿ ಶನಿವಾರ ಗುಂಪಿನಲ್ಲೇ ಹಾಕಲು ಹೇಳಿದೆ. ಎರಡನೆಯ ಶನಿವಾರ ಒಬ್ಬ ತಾಯಿ ಗುಂಪು ಬಿಟ್ಟು ಹೋದರು. ಸೋಮವಾರ ಕೆಲಸಕ್ಕೆ ಹೋಗುವ ಮುನ್ನ ಶಾಲೆಯ ಗೇಟಿನ ಬಳಿ ನಿಂತಿದ್ದರು. ಫೋನು ಗಂಡನದು, ಆತ ಬರುವುದು ರಾತ್ರಿ ಎಂಟು ದಾಟಿದ ಮೇಲೆ, ಅಷ್ಟರಲ್ಲಿ ಮಗು ಮಲಗಿರುತ್ತದೆ ಎಂದರು. ಪಕ್ಕದ ಶೆಡ್ಡಿನವರು ಪಟ್ಟಿ ಓದಿ ನಕ್ಕರಂತೆ. ತಾನು ಕೆಟ್ಟ ತಾಯಿಯೇ ಎಂದು ನನ್ನನ್ನು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ಆ ವಾರವೇ ಕಾಲೇಜಿನಲ್ಲಿ ಮಾರಿಯಾ ಮಾಂಟೆಸ್ಸೊರಿಯವರ ಬಗ್ಗೆ ನಾನು ಪಾಠ ಮಾಡಬೇಕಿತ್ತು. ಹಲವು ವರ್ಷಗಳಿಂದ ಹೇಳುತ್ತಾ ಬಂದ ಪಾಠ. ಇಂದ್ರಿಯ ಶಿಕ್ಷಣ, ಸ್ವಯಂ ಚಟುವಟಿಕೆ, ಸಿದ್ಧಪಡಿಸಿದ ಪರಿಸರ, ಉಪಕರಣಗಳು, ಇತಿಮಿತಿಗಳು, ಐದು ಅಂಕದ ಪ್ರಶ್ನೆ. ಈ ಬಾರಿ ಅವರ ಬದುಕನ್ನು ಮೊದಲಿನಿಂದ ಓದಿದೆ. ಓದಿದ್ದನ್ನು ನಿಮ್ಮೊಂದಿಗೆ ಹಂಚಿಕೊಳ್ಳುತ್ತಿದ್ದೇನೆ.

ಮಾರಿಯಾ ಮಾಂಟೆಸ್ಸೊರಿ ಹುಟ್ಟಿದ್ದು 1870ರ ಆಗಸ್ಟ್ 31ರಂದು, ಇಟಲಿಯ ಕಿಯರವಾಲೆ ಎಂಬ ಸಣ್ಣ ಊರಿನಲ್ಲಿ. ತಂದೆ ಸರ್ಕಾರಿ ನೌಕರ. ತಂದೆಯ ವರ್ಗಾವಣೆಯೊಂದಿಗೆ ಕುಟುಂಬ ಫ್ಲಾರೆನ್ಸ್‌ಗೆ, ಆಮೇಲೆ 1875ರಲ್ಲಿ ರೋಮ್‌ಗೆ ಬಂತು. ಹುಡುಗಿಯರು ಹೆಚ್ಚಾಗಿ ಹೋಗದ ತಾಂತ್ರಿಕ ಶಾಲೆಯಲ್ಲಿ ಓದಿ, ತಂದೆಯ ಅಸಮಾಧಾನದ ನಡುವೆಯೂ ವೈದ್ಯಕೀಯ ಶಿಕ್ಷಣಕ್ಕೆ ಸೇರಿ, 1896ರಲ್ಲಿ ರೋಮ್ ವಿಶ್ವವಿದ್ಯಾಲಯದಿಂದ ಪದವಿ ಪಡೆದರು. ಇಟಲಿಯ ಮೊದಲ ಕೆಲವು ಮಹಿಳಾ ವೈದ್ಯರಲ್ಲಿ ಅವರೂ ಒಬ್ಬರು. ಮನೋರೋಗ ಚಿಕಿತ್ಸಾಲಯದಲ್ಲಿ ಕೆಲಸ ಮಾಡುವಾಗ, ಬುದ್ಧಿಮಾಂದ್ಯರೆಂದು ಹೇಳಿ ದೊಡ್ಡವರ ಜೊತೆ ಕೂಡಿಹಾಕಿದ್ದ ಮಕ್ಕಳನ್ನು ಕಂಡರು. ಆ ಮಕ್ಕಳ ಸಮಸ್ಯೆ ಔಷಧಿಯದ್ದಕ್ಕಿಂತ ಶಿಕ್ಷಣದ್ದು ಎಂದು ಅವರಿಗೆ ಅನ್ನಿಸಿತು. ಫ್ರಾನ್ಸಿನ ಇಟಾರ್ ಮತ್ತು ಸೆಗ್ವಿನ್ ಅವರ ಕೃತಿಗಳನ್ನು ಓದಿ, ಅಂಥ ಮಕ್ಕಳಿಗೆ ಕಲಿಸುವ ಶಿಕ್ಷಕರ ತರಬೇತಿ ಸಂಸ್ಥೆಯೊಂದನ್ನು 1900ರಲ್ಲಿ ಸಹೋದ್ಯೋಗಿ ವೈದ್ಯ ಜುಸೆಪ್ಪೆ ಮಾಂಟೆಸಾನೊ ಅವರೊಂದಿಗೆ ನಡೆಸಿದರು.

ಇಲ್ಲಿ ನಮ್ಮ ಪಠ್ಯಪುಸ್ತಕಗಳು ಬಿಟ್ಟುಬಿಡುವ ಒಂದು ಸಂಗತಿ ಇದೆ. 1898ರ ಮಾರ್ಚ್ 31ರಂದು ಅವರಿಗೆ ಒಂದು ಗಂಡು ಮಗು ಹುಟ್ಟಿತು, ಹೆಸರು ಮಾರಿಯೊ. ತಂದೆ ಮಾಂಟೆಸಾನೊ. ಮದುವೆಯಾಗಿರಲಿಲ್ಲ. ವಿಷಯ ಹೊರಬಿದ್ದರೆ ವೈದ್ಯೆಯಾಗಿ, ಶಿಕ್ಷಣತಜ್ಞೆಯಾಗಿ ಅವರ ಬದುಕು ಅಂದಿನ ಸಮಾಜದಲ್ಲಿ ಮುಗಿದಂತೆಯೇ. ಮಗುವನ್ನು ಹಳ್ಳಿಯ ಒಂದು ಕುಟುಂಬ ಸಾಕಿತು. ತಾಯಿ ಆಗಾಗ ಹೋಗಿ ನೋಡಿ ಬರುತ್ತಿದ್ದರು, ತಾನು ತಾಯಿ ಎಂದು ಹೇಳಿಕೊಳ್ಳದೆ. ಮಾಂಟೆಸಾನೊ 1901ರಲ್ಲಿ ಬೇರೊಬ್ಬರನ್ನು ಮದುವೆಯಾದರು. ಮಾರಿಯಾ ಆ ಸಂಸ್ಥೆಯನ್ನು ಬಿಟ್ಟು ಮತ್ತೆ ವಿಶ್ವವಿದ್ಯಾಲಯಕ್ಕೆ ಓದಲು ಹೋದರು. ಸಾವಿರಾರು ತಾಯಂದಿರಿಗೆ ಮಕ್ಕಳನ್ನು ಬೆಳೆಸುವ ದಾರಿ ತೋರಿಸಿದವರು ತಮ್ಮ ಮಗನನ್ನು ಜೊತೆಯಲ್ಲಿಟ್ಟುಕೊಂಡು ಬೆಳೆಸಲಾಗಲಿಲ್ಲ. 1912ರ ಕೊನೆಯಲ್ಲಿ ತಮ್ಮ ತಾಯಿ ತೀರಿಕೊಂಡ ನಂತರವಷ್ಟೇ, ಹದಿನೈದರ ಆಸುಪಾಸಿನ ಮಾರಿಯೊನನ್ನು ಮನೆಗೆ ಕರೆತಂದರು. ಆಮೇಲೂ ಬಹಳ ವರ್ಷ ಅವನನ್ನು ಮಗನೆಂದು ಹೊರಗೆ ಹೇಳಲಿಲ್ಲ.

ಇನ್ನು ಸ್ಯಾನ್ ಲೊರೆಂಜೊ. ರೋಮ್ ಹೊಸ ರಾಜಧಾನಿಯಾದ ಮೇಲೆ ಅಲ್ಲಿ ಕಟ್ಟಡಗಳ ವ್ಯಾಪಾರ ಜೋರಾಗಿ ನಡೆಯಿತು. 1880ರ ದಶಕದ ಕೊನೆಯಲ್ಲಿ ಅದು ಕುಸಿದು ಬಿದ್ದಾಗ ಸ್ಯಾನ್ ಲೊರೆಂಜೊ ಬಡಾವಣೆಯಲ್ಲಿ ಅರ್ಧಂಬರ್ಧ ಕಟ್ಟಡಗಳು ಉಳಿದವು. ಕೆಲಸ ಹುಡುಕಿ ಬಂದವರು, ಬೀದಿಗೆ ಬಿದ್ದವರು ಅವುಗಳಲ್ಲಿ ತುಂಬಿಕೊಂಡರು. ಆಮೇಲೆ ಒಂದು ವಸತಿ ಸಂಸ್ಥೆ ಆ ಕಟ್ಟಡಗಳನ್ನು ದುರಸ್ತಿ ಮಾಡಿ ಕಾರ್ಮಿಕ ಕುಟುಂಬಗಳಿಗೆ ಬಾಡಿಗೆಗೆ ಕೊಟ್ಟಿತು. ತಂದೆತಾಯಿ ಇಬ್ಬರೂ ಕೆಲಸಕ್ಕೆ ಹೋದರೆ ಶಾಲೆಯ ವಯಸ್ಸಾಗದ ಮಕ್ಕಳು ದಿನವಿಡೀ ಮೆಟ್ಟಿಲುಗಳಲ್ಲಿ ಓಡಾಡಿ ಗೋಡೆ ಗೀಚುತ್ತಿದ್ದರು. ಗೋಡೆಗೆ ಮತ್ತೆ ಮತ್ತೆ ಸುಣ್ಣ ಬಳಿಯುವ ಹಣದಲ್ಲಿ ಮಕ್ಕಳನ್ನೇ ನೋಡಿಕೊಳ್ಳಬಹುದಲ್ಲ ಎಂದು ಆ ಸಂಸ್ಥೆಯ ಮುಖ್ಯಸ್ಥ ಎದುವಾರ್ದೊ ತಲಾಮೊ ಅವರಿಗೆ ಹೊಳೆಯಿತು. ಅವರು ಮಾಂಟೆಸ್ಸೊರಿಯವರನ್ನು ಕೇಳಿದರು. 1907ರ ಜನವರಿ 6ರಂದು ಮಾರ್ಸಿ ಬೀದಿಯ 58ನೆಯ ಸಂಖ್ಯೆಯ ಕಟ್ಟಡದಲ್ಲಿ ಸುಮಾರು 50 ಮಕ್ಕಳೊಂದಿಗೆ ಮೊದಲ ‘ಮಕ್ಕಳ ಮನೆ’ ತೆರೆಯಿತು.

ಇಂದು ವೈಟ್‌ಫೀಲ್ಡ್‌ನಲ್ಲಿ ಮಾಂಟೆಸ್ಸೊರಿ ಎಂಬ ಹೆಸರು ಕಾಣುವುದು ಅಪಾರ್ಟ್‌ಮೆಂಟುಗಳ ಎದುರಿನ ಶಾಲೆಗಳ ಬಣ್ಣದ ಫಲಕಗಳಲ್ಲಿ. ಆ ಅಪಾರ್ಟ್‌ಮೆಂಟುಗಳನ್ನು ಕಟ್ಟಿದವರ ಮಕ್ಕಳು ಅಲ್ಲಿಗೆ ಹೋಗಲಾರರು. ಆದರೆ ಆ ಹೆಸರಿನ ಮೊದಲ ಶಾಲೆ ನಡೆದದ್ದು ಇಂಥವರ ಮಕ್ಕಳಿಗಾಗಿಯೇ, ಅವರ ಮನೆ ಬಾಗಿಲಲ್ಲೇ, ಶುಲ್ಕವಿಲ್ಲದೆ. ಈ ಮಾತನ್ನು ನಾನು ಹಿಂದೆ ಪಾಠದಲ್ಲಿ ಎಂದೂ ಹೇಳಿರಲಿಲ್ಲ.

ಆ ಶಾಲೆಗೆ ಒಂದು ನಿಯಮಾವಳಿ ಇತ್ತು. ಮಕ್ಕಳನ್ನು ಶುಚಿಯಾಗಿ, ಸಮಯಕ್ಕೆ ಸರಿಯಾಗಿ ಕಳಿಸಬೇಕು. ತಾಯಂದಿರು ವಾರಕ್ಕೊಮ್ಮೆಯಾದರೂ ಶಿಕ್ಷಕಿಯ ಬಳಿ ಬಂದು ಮಗು ಮನೆಯಲ್ಲಿ ಹೇಗಿದೆ ಎಂದು ಹೇಳಬೇಕು, ಶಿಕ್ಷಕಿಯ ಸಲಹೆ ಕೇಳಬೇಕು. ಕೊಳಕಾಗಿ ಬರುವ ಮಕ್ಕಳನ್ನೂ, ಶಾಲೆಗೆ ಗೌರವ ಕೊಡದ ಪೋಷಕರ ಮಕ್ಕಳನ್ನೂ ಹೊರಗೆ ಹಾಕುವ ಅಧಿಕಾರವಿತ್ತು. ಓದುತ್ತಿದ್ದಂತೆ ನನ್ನ ಶನಿವಾರದ ಪಟ್ಟಿ ನೆನಪಾಯಿತು. ಇಷ್ಟು ದೊಡ್ಡವರೂ ಹೀಗೇ ಮಾಡಿದ್ದಾರಲ್ಲ ಎಂದು ಒಂದು ಕ್ಷಣ ಸಮಾಧಾನವೂ ಆಯಿತು.

ಆದರೆ ಮುಂದಿನ ಸಾಲುಗಳು ಆ ಸಮಾಧಾನವನ್ನು ಉಳಿಸಲಿಲ್ಲ. ಶಿಕ್ಷಕಿ ಅದೇ ಕಟ್ಟಡದಲ್ಲಿ, ಆ ಕುಟುಂಬಗಳ ನಡುವೆಯೇ ವಾಸಿಸಬೇಕು ಎಂಬುದು ಮಾಂಟೆಸ್ಸೊರಿಯವರ ಯೋಜನೆಯ ಮುಖ್ಯ ಅಂಶ. ತಾಯಿ ಕೆಲಸಕ್ಕೆ ಹೋಗುವಾಗಲೋ ಬರುವಾಗಲೋ ಮೆಟ್ಟಿಲಿಳಿದು ಒಳಗೆ ಇಣುಕಬಹುದು. ವಾರದ ಭೇಟಿಗೆ ಕೂಲಿ ಕಳೆದುಕೊಳ್ಳಬೇಕಾಗಿಲ್ಲ. ಶಿಕ್ಷಕಿಯ ನಡೆನುಡಿಯೂ ತಾಯಂದಿರ ಕಣ್ಣ ಮುಂದೆಯೇ ಇರುತ್ತದೆ. ಅಂದರೆ ತಾಯಿ ಎಷ್ಟು ಹೊಣೆ ಹೊರಬೇಕಿತ್ತೋ ಅದಕ್ಕಿಂತ ಹೆಚ್ಚನ್ನು ಶಾಲೆ ಹೊತ್ತಿತ್ತು. ನಾನು ನಿಯಮದ ಮೊದಲ ಅರ್ಧವನ್ನಷ್ಟೇ ಜಾರಿಗೆ ತಂದಿದ್ದೆ. ಹೊರಗೆ ಹಾಕುವ ನಿಯಮವನ್ನು ಇಂದು ಯಾರೂ ಒಪ್ಪಲಾರರು, ನಮ್ಮ ಶಿಕ್ಷಣ ಹಕ್ಕು ಕಾಯ್ದೆಯೂ ಒಪ್ಪುವುದಿಲ್ಲ. ಆದರೆ ಬಾಗಿಲನ್ನು ತಾಯಿಯ ದಾರಿಯಲ್ಲೇ ಇಡಬೇಕೆಂಬ ಮಾತು ಹಳೆಯದಾಗಿಲ್ಲ.

1908ರ ಡಿಸೆಂಬರ್ 28ರಂದು ಮೆಸ್ಸಿನಾ ಭೂಕಂಪವಾಯಿತು. ಹತ್ತಾರು ಸಾವಿರ ಜನ ಸತ್ತರು. ಅನಾಥರಾದ ಸುಮಾರು 60 ಪುಟ್ಟ ಮಕ್ಕಳನ್ನು ರೋಮ್‌ನ ಜುಸ್ತಿ ಬೀದಿಯ ಕ್ರೈಸ್ತ ಸನ್ಯಾಸಿನಿಯರ ಮಠಕ್ಕೆ ತಂದರು. ಕೆಲವರಿಗೆ ತಮ್ಮ ಹೆಸರೂ ಗೊತ್ತಿರಲಿಲ್ಲ. ಊಟ ಸೇರದೆ, ನಿದ್ದೆ ಬಾರದೆ, ರಾತ್ರಿಯೆಲ್ಲ ಅಳುತ್ತಿದ್ದರು. ಅಲ್ಲಿ ಮಾಂಟೆಸ್ಸೊರಿ ವಿಧಾನದ ಶಾಲೆ ನಡೆಯಿತು. ಮೇಜಿಗೆ ತಟ್ಟೆ ಜೋಡಿಸುವುದು, ಬಡಿಸುವುದು, ತೋಟ ನೋಡಿಕೊಳ್ಳುವುದು ಮುಂತಾದ ದಿನನಿತ್ಯದ ಕೆಲಸಗಳನ್ನು ಮಕ್ಕಳಿಗೆ ನಿಧಾನವಾಗಿ, ಅಚ್ಚುಕಟ್ಟಾಗಿ ಕಲಿಸಿದರು. ಕ್ರಮೇಣ ಊಟ ಸೇರಿತು, ನಿದ್ದೆ ಬಂತು, ನಗು ಬಂತು. ಎಲ್ಲವೂ ಕಳೆದುಹೋದ ಮಗುವಿಗೆ, ಇವತ್ತಿನಂತೆಯೇ ನಾಳೆಯೂ ಇರುತ್ತದೆ ಎಂಬ ಭರವಸೆ ಮೊದಲು ಬೇಕು. ಸಮಾಧಾನದ ಮಾತಿಗಿಂತ ಕೈಗೊಂದು ಕೆಲಸ, ದಿನಕ್ಕೊಂದು ಕ್ರಮ ಆ ಭರವಸೆಯನ್ನು ಬೇಗ ಕೊಡುತ್ತದೆ. ಮೊದಲ ಮಹಾಯುದ್ಧದ ಕಾಲದಲ್ಲಿ, ಯುದ್ಧಪೀಡಿತ ಮಕ್ಕಳ ಆರೈಕೆಗಾಗಿ ಶಿಕ್ಷಕರು ಮತ್ತು ದಾದಿಯರ ಒಂದು ಸಂಘಟನೆ ಬೇಕೆಂದು ಮಾಂಟೆಸ್ಸೊರಿಯವರು ಪ್ರಯತ್ನಿಸಿದ್ದರು. ಅದು ಕೈಗೂಡಲಿಲ್ಲ.

ಆಮೇಲೆ ನೆಲೆ ತಪ್ಪುವ ಸರದಿ ಅವರದ್ದೇ ಆಯಿತು. ಮುಸೊಲಿನಿ ಸರ್ಕಾರ ಮೊದಲು ಅವರ ಶಾಲೆಗಳಿಗೆ ಬೆಂಬಲ ಕೊಟ್ಟಿತ್ತು, ಅವರೂ ಅದನ್ನು ಸ್ವೀಕರಿಸಿದ್ದರು. ಶಾಲೆಗಳನ್ನು ತನ್ನ ಸಿದ್ಧಾಂತಕ್ಕೆ ಬಗ್ಗಿಸಲು ಸರ್ಕಾರ ಹೊರಟಾಗ ಸಂಬಂಧ ಮುರಿಯಿತು. 1934ರಲ್ಲಿ ಅವರು ಇಟಲಿ ಬಿಟ್ಟರು. ಬಾರ್ಸಿಲೋನಾದಲ್ಲಿದ್ದಾಗ 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾಗಿ ಅಲ್ಲಿಂದಲೂ ಹೊರಟು, ಇಂಗ್ಲೆಂಡಿನ ಮೂಲಕ ನೆದರ್‌ಲ್ಯಾಂಡ್ಸ್ ಸೇರಿದರು. 1939ರ ಕೊನೆಯಲ್ಲಿ ಥಿಯಾಸಾಫಿಕಲ್ ಸೊಸೈಟಿಯ ಅಧ್ಯಕ್ಷ ಜಾರ್ಜ್ ಅರುಂಡೇಲ್ ಅವರ ಆಹ್ವಾನದ ಮೇಲೆ ಮಾರಿಯೊ ಜೊತೆ ಮದ್ರಾಸಿನ ಅಡ್ಯಾರಿಗೆ ಬಂದರು. ಆಗ ಅವರಿಗೆ 69 ವರ್ಷ. ಕೆಲವು ತಿಂಗಳಿಗೆಂದು ಬಂದವರು ಯುದ್ಧ ಮುಗಿಯುವವರೆಗೆ ಹಿಂತಿರುಗಲಾಗಲಿಲ್ಲ.

ಅಡ್ಯಾರಿನ ಮೊದಲ ತರಬೇತಿಗೆ ದೇಶದ ನಾನಾ ಕಡೆಯಿಂದ ಸುಮಾರು 300 ಮಂದಿ ಬಂದಿದ್ದರು. ಮಾಂಟೆಸ್ಸೊರಿಯವರು ಇಟಾಲಿಯನ್ ಭಾಷೆಯಲ್ಲೇ ಮಾತಾಡುತ್ತಿದ್ದರು. ಪಕ್ಕದಲ್ಲಿ ನಿಂತ ಮಾರಿಯೊ ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಕೇಳುವವರು ಅದನ್ನು ತಮಿಳಿಗೋ ಗುಜರಾತಿಗೋ ಮರಾಠಿಗೋ ಮನಸ್ಸಿನಲ್ಲೇ ತಿರುಗಿಸಿಕೊಳ್ಳಬೇಕು. ಭಾಷೆ ಬರದು ಎಂಬುದು ಕಲಿಸಲಾಗದ್ದಕ್ಕೆ ಕಾರಣವಾಗಲಿಲ್ಲ. ನಡುವೆ ನಿಲ್ಲುವ ಒಬ್ಬರು ಇದ್ದರು, ಅಷ್ಟೇ.

1940ರ ಜೂನ್‌ನಲ್ಲಿ ಇಟಲಿ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸರ್ಕಾರಕ್ಕೆ ಇವರಿಬ್ಬರೂ ಶತ್ರು ದೇಶದವರಾದರು. ಮಾರಿಯೊನನ್ನು ಅಹ್ಮದ್‌ನಗರದ ಬಂಧನ ಶಿಬಿರಕ್ಕೆ ಒಯ್ದರು. ತಾಯಿ ಅಡ್ಯಾರ್ ಬಿಟ್ಟು ಹೋಗುವಂತಿರಲಿಲ್ಲ. ಬದುಕಿನಲ್ಲಿ ಎರಡನೆಯ ಸಲ ಮಗ ದೂರವಾದ. ಆಗಸ್ಟ್ 31ರಂದು, ಅವರ 70ನೆಯ ಹುಟ್ಟುಹಬ್ಬಕ್ಕೆ, ವೈಸರಾಯ್ ಮಾರಿಯೊನ ಬಿಡುಗಡೆಗೆ ಒಪ್ಪಿದರು. 1942ರಿಂದ 1944ರವರೆಗೆ ಕೊಡೈಕೆನಾಲ್‌ನಲ್ಲಿದ್ದು ಬೇರೆ ಬೇರೆ ದೇಶ, ಬೇರೆ ಬೇರೆ ವಯಸ್ಸಿನ ಮಕ್ಕಳ ಜೊತೆ ತಾಯಿ ಮಗ ಒಟ್ಟಿಗೆ ಕೆಲಸ ಮಾಡಿದರು. ಭಾರತದಲ್ಲಿ ಅವರ ಕೈಯಲ್ಲಿ ತರಬೇತಿ ಪಡೆದ ಶಿಕ್ಷಕರು ಸಾವಿರಕ್ಕೂ ಹೆಚ್ಚು. 1946ರಲ್ಲಿ ಯುರೋಪಿಗೆ ಮರಳಿ, ಮತ್ತೆ ಬಂದು, 1949ರಲ್ಲಿ ಕೊನೆಯದಾಗಿ ಹೊರಟರು. 1952ರ ಮೇ 6ರಂದು ನೆದರ್‌ಲ್ಯಾಂಡ್ಸ್‌ನ ನೂರ್ಡ್‌ವೈಕ್‌ನಲ್ಲಿ ತೀರಿಕೊಂಡರು. ಸಮಾಧಿಯೂ ಅಲ್ಲೇ, ಹುಟ್ಟಿದ ದೇಶದ ಹೊರಗೆ. ಉಯಿಲಿನಲ್ಲಿ ಮಾರಿಯೊನನ್ನು ತಮ್ಮ ಮಗನೆಂದೇ ಬರೆದಿದ್ದರು.

ಅವರು ಬರುವ ಮೊದಲೇ ಗಿಜುಭಾಯಿ ಬಧೇಕಾ ಅವರು ಭಾವನಗರದಲ್ಲಿ ಈ ವಿಧಾನವನ್ನು ಭಾರತದ ಮಣ್ಣಿಗೆ ಒಗ್ಗಿಸಿದ್ದರು. ಅವರ ಜೊತೆ ದುಡಿದ ತಾರಾಬಾಯಿ ಮೋಡಕ್ ಮುಂದೆ ಬೋರ್ಡಿ, ಕೋಸ್‌ಬಾಡ್‌ಗಳಲ್ಲಿ ಶಾಲೆಗೆ ಬಾರದ ಮಕ್ಕಳ ಅಂಗಳಕ್ಕೇ ಶಾಲೆಯನ್ನು ಒಯ್ದರು. ನಮ್ಮ ಅಂಗನವಾಡಿ ಎಂಬ ಮಾತಿನ ಹಿಂದೆ ಆ ಅಂಗಳ ಇದೆ. 1975ರ ಅಕ್ಟೋಬರ್ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದ ಮೊದಲ ಕೇಂದ್ರ ಟಿ. ನರಸೀಪುರ. ಇತ್ತೀಚೆಗೆ ಗ್ರಾಮ ಪಂಚಾಯಿತಿಗಳಲ್ಲಿ ಉದ್ಯೋಗ ಖಾತರಿ ಕೂಲಿಕಾರರ ಮಕ್ಕಳಿಗಾಗಿ ತೆರೆದಿರುವ ‘ಕೂಸಿನ ಮನೆ’ಯ ಹೆಸರೂ 1907ರ ಆ ಹೆಸರಿಗೆ ಎಷ್ಟು ಹತ್ತಿರ!

ಪ್ರಶಿಕ್ಷಣಾರ್ಥಿ ಮಿತ್ರರೇ, ಬದುಕು ಓದಿ ಮುಗಿಸಿದ ಮೇಲೆ ನಾವು ಮಾಡಿದ್ದು ಇಷ್ಟು. ಶನಿವಾರದ ಪಟ್ಟಿ ನಿಲ್ಲಿಸಿದೆವು. ಸಂದೇಶ ಕಳಿಸುವ ಹೊತ್ತನ್ನು ತಾಯಂದಿರನ್ನೇ ಕೇಳಿದೆವು. ರಾತ್ರಿ ಒಂಬತ್ತು ಎಂದರು ಹಲವರು, ಬೆಳಗ್ಗೆ ಐದೂವರೆ ಎಂದರು ಕೆಲವರು, ಒಲೆ ಹೊತ್ತಿಸುವ ಹೊತ್ತು. ಎರಡೂ ಹೊತ್ತಿಗೆ ಕಳಿಸಿದೆವು. ಒಡಿಯಾ ಮತ್ತು ಹಿಂದಿ ಎರಡೂ ಬಲ್ಲ ಒಬ್ಬ ತಂದೆ ತಮ್ಮವರಿಗಾಗಿ ನಮ್ಮ ಸಂದೇಶವನ್ನು ತಮ್ಮ ದನಿಯಲ್ಲಿ ಹೇಳಿ ಕಳಿಸತೊಡಗಿದರು. ಉಪದೇಶ ಕಡಿಮೆ ಮಾಡಿ, ಮಗು ಆ ದಿನ ಶಾಲೆಯಲ್ಲಿ ಏನು ಮಾಡಿತು ಎಂದು ಹೇಳುವುದನ್ನು ಹೆಚ್ಚಿಸಿದೆವು. ವಾರಕ್ಕೆ ಎರಡು ದಿನ ಇಬ್ಬರು ಪ್ರಶಿಕ್ಷಣಾರ್ಥಿಗಳು ಶಾಲೆ ಬಿಟ್ಟ ಮೇಲೆ ಶೆಡ್ಡುಗಳ ಬಳಿ ಹೋಗಿ ಕುಳಿತು ಬರುತ್ತಿದ್ದರು. ಫೋನು ಬಾಗಿಲಾಗಬಹುದು, ಆದರೆ ಬಾಗಿಲಲ್ಲಿ ಒಬ್ಬರು ನಿಂತಿರಬೇಕು.

ಗುಂಪು ಬಿಟ್ಟ ತಾಯಿಯನ್ನು ನಾನೇ ಹೋಗಿ ಕಂಡು ಕ್ಷಮೆ ಕೇಳಿದೆ. ಅವರು ನನಗೆ ಚಹಾ ಕೊಟ್ಟರು. ಮತ್ತೆ ಗುಂಪಿಗೆ ಸೇರಲಿಲ್ಲ. ಪಕ್ಕದ ಶೆಡ್ಡಿನವರ ಫೋನಿನಲ್ಲಿ ಕೇಳಿಸಿಕೊಳ್ಳುತ್ತಾರೆ ಎಂದು ಮಗು ಹೇಳಿತು. ಮೂರು ತಿಂಗಳಲ್ಲಿ ಕಟ್ಟಡ ಮುಗಿದು ಆ ಕುಟುಂಬ ಪೀಣ್ಯದ ಕಡೆ ಹೋಯಿತು. ಮಗುವಿನ ವರ್ಗಾವಣೆ ಪತ್ರ ಹೊರಡುವ ಮುನ್ನವೇ ಅವರ ಕೈ ಸೇರುವಂತೆ ನೋಡಿಕೊಂಡೆವು.

ಮಾಂಟೆಸ್ಸೊರಿಯವರ ಪಾಠವನ್ನು ಈ ವರ್ಷವೂ ಮಾಡಿದೆ. ಉಪಕರಣಗಳ ಪಟ್ಟಿಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಸ್ಯಾನ್ ಲೊರೆಂಜೊದ ಮೆಟ್ಟಿಲುಗಳ ಬಗ್ಗೆ, ಆಮೇಲೆ ಮಗನನ್ನು ಹಳ್ಳಿಯಲ್ಲಿ ಬಿಟ್ಟು ಬಂದ ತಾಯಿಯ ಬಗ್ಗೆ ಹೇಳಿದೆ. ಮನೆಭೇಟಿಯ ದಾಖಲೆಯಲ್ಲಿ ಪೋಷಕರ ನಿರ್ಲಕ್ಷ್ಯ ಎಂಬ ಪದ ಬರೆಯುವ ಮುನ್ನ ಆ ತಾಯಿಯನ್ನು ಒಮ್ಮೆ ನೆನೆಯಿರಿ ಎಂದು ನನ್ನ ಪ್ರಶಿಕ್ಷಣಾರ್ಥಿಗಳಿಗೆ ಹೇಳಿದ್ದೇನೆ. ನಿಮಗೂ ಅದನ್ನೇ ಹೇಳುತ್ತೇನೆ.