ಥಾಂಪ್ಸನ್ನನ ಇಳಿಜಾರು ಬಂಡಿ

ಕಳೆದ ಬೇಸಿಗೆಯ ರಜೆಯಲ್ಲಿ ನಾವು ನಾಲ್ವರು ಸಹಪಾಠಿಗಳು ಮುಖರ್ಜಿ ನಗರದ ಮನೆಯೊಂದರ ತಾರಸಿಯ ಮೇಲೆ ರಟ್ಟು, ಬಿದಿರುಕಡ್ಡಿ, ಅಂಟುಗಳಿಂದ ರೋಲರ್ ಕೋಸ್ಟರಿನ ಮಾದರಿಯೊಂದನ್ನು ಕಟ್ಟತೊಡಗಿದೆವು. ಎರಡು ಅಡಿ ಎತ್ತರದ ಮೊದಲ ಶಿಖರದಿಂದ ಬಿಟ್ಟ ಗೋಲಿಯು ಅಷ್ಟೇ ಎತ್ತರದ ಎರಡನೆಯ ಶಿಖರವನ್ನು ಮುಟ್ಟದೆ ಹಿಂದಕ್ಕೆ ಉರುಳಿತು. ಹತ್ತು ಸಲ ಬಿಟ್ಟರೂ ಅದೇ ಕಥೆ. ಇದೇ ತೊಡಕನ್ನು ನೂರಾರು ಜನರ ಮುಂದೆ ಎದುರಿಸಿದವನೊಬ್ಬನ ಜೀವನವನ್ನು ವಾಚಕಮಿತ್ರರ ಮುಂದಿಡುತ್ತಿದ್ದೇವೆ.

ಲಾಮಾರ್ಕಸ್ ಥಾಂಪ್ಸನ್ 1848ರಲ್ಲಿ ಅಮೆರಿಕದ ಒಹಾಯೋ ಪ್ರಾಂತದಲ್ಲಿ ಜನಿಸಿದನು. ಹನ್ನೆರಡರ ಪ್ರಾಯದಲ್ಲಿಯೇ ತಾಯಿಗೆ ಬೆಣ್ಣೆ ಕಡೆಯುವ ಯಂತ್ರವನ್ನೂ ತಂದೆಗೆ ಎತ್ತಿನ ಗಾಡಿಯನ್ನೂ ಮಾಡಿಕೊಟ್ಟನೆಂದು ಹೇಳುತ್ತಾರೆ. ಮುಂದೆ ಹೊಲಿಗೆಯಿಲ್ಲದ ಕಾಲುಚೀಲಗಳ ಉದ್ಯಮದಿಂದ ಹಣವಂತನಾದನು. ಆದರೆ ಅತಿಯಾದ ದುಡಿಮೆಯಿಂದ ಆರೋಗ್ಯ ಕೆಟ್ಟು, ಅದನ್ನು ಬಿಡಬೇಕಾಯಿತು. ಮದ್ಯದಂಗಡಿಗಳತ್ತ ಸಾಗುವ ತರುಣರಿಗೆ ನಿರ್ಮಲವಾದ ವಿನೋದವೊಂದನ್ನು ಒದಗಿಸಬೇಕೆಂಬ ಹಂಬಲ ಆತನಲ್ಲಿ ಬೇರೂರಿತ್ತು.

ಪೆನ್ಸಿಲ್ವೇನಿಯಾದ ಮಾಕ್ ಚಂಕ್ ಎಂಬಲ್ಲಿ ಕಲ್ಲಿದ್ದಲನ್ನು ಇಳಿಸಲು 1827ರಲ್ಲಿ ಹಾಕಿದ್ದ ಹಳಿಗಳ ಮೇಲೆ ಆಗ ಜನರು ಮೋಜಿಗಾಗಿ ಸವಾರಿ ಮಾಡುತ್ತಿದ್ದರು. ಅದರಿಂದ ಸ್ಫೂರ್ತಿಗೊಂಡ ಥಾಂಪ್ಸನ್ನನು 1884ರ ಜೂನ್ 16ರಂದು ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ತನ್ನ ಸ್ವಿಚ್‌ಬ್ಯಾಕ್ ರೈಲ್ವೆಯನ್ನು ತೆರೆದನು. ಹಳಿಯ ಉದ್ದ ಸುಮಾರು 600 ಅಡಿ, ಶಿಖರದ ಎತ್ತರ 50 ಅಡಿ, ವೇಗ ಗಂಟೆಗೆ 6 ಮೈಲಿ, ದರ 5 ಸೆಂಟು. (25ರಲ್ಲೊಂದು ಪಾಲಿಗೆ ಇಳಿಸಿದರೆ ಉದ್ದವು 24 ಅಡಿಯಾಗಿ ನಮ್ಮ ತಾರಸಿಗೆ ಸರಿಹೊಂದಿತು.) ಸೈಕಲ್ಲಿಗಿಂತ ನಿಧಾನವಾದ ಆ ಬಂಡಿಗಾಗಿ ಜನರು ಸಾಲುಗಟ್ಟಿ ನಿಂತರು!

ಆದರೆ ಘರ್ಷಣೆಯೆಂಬ ಕಳ್ಳನು ದಾರಿಯುದ್ದಕ್ಕೂ ಎತ್ತರವನ್ನು ಕದಿಯುತ್ತಾನೆ. ಆದುದರಿಂದ ಕೊನೆಯಲ್ಲಿ ಸವಾರರು ಇಳಿಯಬೇಕಾಗಿತ್ತು; ಆಳುಗಳು ಬಂಡಿಯನ್ನು ಎರಡನೆಯ ಗೋಪುರದ ಮೇಲಕ್ಕೆ ನೂಕಿ, ಮರಳುವ ಹಳಿಗೆ ಹೊರಳಿಸುತ್ತಿದ್ದರು. ಕೆಲವೇ ತಿಂಗಳುಗಳಲ್ಲಿ ಚಾರ್ಲ್ಸ್ ಆಲ್ಕೋಕ್ ಎಂಬಾತನು ಹಳಿಯ ಎರಡು ತುದಿಗಳನ್ನೂ ಕೂಡಿಸಿಬಿಟ್ಟನು. 1885ರಲ್ಲಿ ಫಿಲಿಪ್ ಹಿಂಕಲನು ಬಂಡಿಯನ್ನು ಯಂತ್ರದಿಂದ ಮೇಲೆಳೆದನು. ರಷ್ಯಾದ ಮಂಜುಗಡ್ಡೆಯ ಜಾರುಗುಡ್ಡಗಳೂ ಪ್ಯಾರಿಸ್ಸಿನ ಗಾಲಿಬಂಡಿಗಳೂ ಇವರೆಲ್ಲರಿಗಿಂತ ಹಳೆಯವು. ಥಾಂಪ್ಸನ್ನನನ್ನು ರೋಲರ್ ಕೋಸ್ಟರಿನ ಜನಕನೆಂದು ಕರೆಯುವುದು ನಮಗಷ್ಟು ಒಪ್ಪಿಗೆಯಿಲ್ಲ. ಹಿಂದೆ ಬಿದ್ದಾಗ ಆತನು ಕೈಕಟ್ಟಿ ಕೂರಲಿಲ್ಲವೆಂಬುದೇ ನಮಗೆ ಮೆಚ್ಚು. 1887ರಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, ಬಣ್ಣದ ದೃಶ್ಯಗಳಿಂದ ತುಂಬಿದ ಸುರಂಗಗಳೊಳಗೆ ಹಾಯುವ ಬಂಡಿಯನ್ನು ಕಟ್ಟಿ ಜನರನ್ನು ಮತ್ತೆ ಬೆರಗುಗೊಳಿಸಿದನು. 1919ರಲ್ಲಿ ತೀರಿಕೊಂಡನು.

ನಾವು ಎರಡನೆಯ ಶಿಖರವನ್ನು ಮೂರು ಅಂಗುಲ ತಗ್ಗಿಸಿದೆವು. ಗೋಲಿಯು ದಾಟಿತು. ಮೂರನೆಯದರ ಬಳಿ ಇನ್ನೂ ಹಟ ಹಿಡಿಯುತ್ತಿದೆ.