ಶತ್ರುವಿನ ನಾಲಿಗೆಯಲ್ಲಿ ಸತ್ಯ

ಅಬೂ ಸುಫ್ಯಾನ್ ಬಿನ್ ಹರ್ಬ್ ಮಕ್ಕಾದ ಉಮಯ್ಯಾ ಗೋತ್ರದ ಮುಖಂಡರು, ಕುರೈಶರ ಹೆಸರಾಂತ ವರ್ತಕರು. ಪ್ರವಾದಿ ಮುಹಮ್ಮದ್(ಸ)ರ ಸಂದೇಶವನ್ನು ಅವರು ಸುಮಾರು ಇಪ್ಪತ್ತು ವರ್ಷ ವಿರೋಧಿಸಿದರು. ಕ್ರಿ.ಶ. 625ರ ಉಹುದ್ ಯುದ್ಧದಲ್ಲಿಯೂ 627ರ ಖಂದಕ್ ಯುದ್ಧದಲ್ಲಿಯೂ ಶತ್ರುಸೇನೆಯ ನಾಯಕರು ಅವರೇ ಆಗಿದ್ದರು.

628ರಲ್ಲಿ ಹುದೈಬಿಯಾ ಒಪ್ಪಂದವಾಯಿತು. ದಾರಿ ಸುರಕ್ಷಿತವಾದುದರಿಂದ ಅಬೂ ಸುಫ್ಯಾನ್ ವರ್ತಕರ ತಂಡದೊಂದಿಗೆ ಶಾಮ್ ನಾಡಿಗೆ ಹೊರಟರು. ಆಗ ರೋಮನ್ ಚಕ್ರವರ್ತಿ ಹಿರಕ್ಲಿಯಸ್ ಜೆರುಸಲೇಮಿನಲ್ಲಿದ್ದನು. ಇಸ್ಲಾಮಿಗೆ ಆಹ್ವಾನಿಸುವ ಪ್ರವಾದಿವರ್ಯರ(ಸ) ಪತ್ರ ಅವನಿಗೆ ತಲುಪಿತ್ತು. ಪತ್ರ ಕಳುಹಿಸಿದವರನ್ನು ಬಲ್ಲವರಿಗಾಗಿ ಹುಡುಕಿಸಿದಾಗ ಈ ತಂಡ ಸಿಕ್ಕಿತು. ಚಕ್ರವರ್ತಿಯು ಹತ್ತಿರದ ಬಂಧುವಾದ ಅಬೂ ಸುಫ್ಯಾನರನ್ನು ಮುಂದೆ ಕರೆಸಿ, ಜೊತೆಗಾರರನ್ನು ಅವರ ಬೆನ್ನ ಹಿಂದೆ ಇರಿಸಿದನು. ಇವರು ಸುಳ್ಳಾಡಿದರೆ ತಿಳಿಸಬೇಕೆಂದು ಆಜ್ಞಾಪಿಸಿದನು.

ವೈರಿಗೆ ಇದಕ್ಕಿಂತ ಒಳ್ಳೆಯ ಅವಕಾಶವುಂಟೇ? ಒಂದು ಸುಳ್ಳು ಸಾಕಿತ್ತು. ಆದರೆ ಸುಳ್ಳುಗಾರನೆಂಬ ಹೆಸರು ತನ್ನ ಜನರ ಬಾಯಲ್ಲಿ ಹರಡುವುದೆಂದು ಅವರು ನಾಚಿದರು. ಮುಹಮ್ಮದರು(ಸ) ಉತ್ತಮ ಕುಲದವರು, ಅವರ ಅನುಯಾಯಿಗಳು ಹೆಚ್ಚಾಗಿ ಬಡವರು, ಅವರ ಸಂಖ್ಯೆ ಹೆಚ್ಚುತ್ತಲೇ ಇದೆ, ಪ್ರವಾದಿತ್ವಕ್ಕೆ ಮೊದಲು ಯಾರೂ ಅವರ ಮೇಲೆ ಸುಳ್ಳಿನ ಆರೋಪ ಹೊರಿಸಿರಲಿಲ್ಲ, ಅವರು ಮಾತು ಮುರಿದವರಲ್ಲ ಎಂದು ಒಪ್ಪಿಕೊಂಡರು. ಈಗಿನ ಒಪ್ಪಂದವನ್ನು ಏನು ಮಾಡುವರೋ ತಿಳಿಯದು ಎಂಬ ಒಂದು ಸಂಶಯವನ್ನಷ್ಟೇ ಸೇರಿಸಲು ಅವರಿಂದ ಸಾಧ್ಯವಾಯಿತು. ಮನುಷ್ಯರ ವಿಷಯದಲ್ಲಿ ಸುಳ್ಳಾಡದವನು ದೇವನ ಹೆಸರಿನಲ್ಲಿ ಸುಳ್ಳಾಡಲಾರನೆಂದು ಚಕ್ರವರ್ತಿ ತೀರ್ಮಾನಿಸಿದನು.

ಹೇಳಿದವರಿಗೆ ಆಗ ವಿಶ್ವಾಸವಿರಲಿಲ್ಲ. ಆದರೂ ಹೇಳಿದ್ದು ಸತ್ಯವೇ ಆಗಿತ್ತು. 630ರಲ್ಲಿ ಮಕ್ಕಾ ವಿಜಯದ ಸಮಯದಲ್ಲಿ ಅವರು ಇಸ್ಲಾಮ್ ಸ್ವೀಕರಿಸಿದರು. ಈ ಘಟನೆಯನ್ನು ತಾವೇ ಇಬ್ನು ಅಬ್ಬಾಸ್(ರ)ರಿಗೆ ತಿಳಿಸಿದರು. ಇಮಾಮ್ ಬುಖಾರಿಯವರು ಅದನ್ನು ತಮ್ಮ ಹದೀಸ್ ಗ್ರಂಥದ ಮೊದಲ ಅಧ್ಯಾಯದಲ್ಲೇ ಸೇರಿಸಿದರು. ಅವಿಶ್ವಾಸಿಯಾಗಿದ್ದಾಗ ಕಂಡು ಕೇಳಿದ್ದನ್ನು ಮುಸ್ಲಿಮನಾದ ಬಳಿಕ ವರದಿ ಮಾಡಿದರೆ ಅದು ಸ್ವೀಕಾರಾರ್ಹವೆಂಬುದು ಹದೀಸ್ ವಿದ್ವಾಂಸರ ನಿಯಮ. ಇಳಿವಯಸ್ಸಿನಲ್ಲಿ, 636ರ ಯರ್ಮೂಕ್ ಯುದ್ಧದಲ್ಲಿ, ಅಬೂ ಸುಫ್ಯಾನ್(ರ) ರೋಮನರ ವಿರುದ್ಧ ಮುಸ್ಲಿಮರ ಸಾಲಿನಲ್ಲಿದ್ದರು.

ಸತ್ಯವು ಆಡಿದವನ ವಿಶ್ವಾಸವನ್ನು ನೋಡಿ ಬದಲಾಗುವುದಿಲ್ಲ. ನಮ್ಮವನು ಹೇಳಿದ ಸುಳ್ಳು ಸುಳ್ಳೇ, ಪರರು ಹೇಳಿದ ಸತ್ಯ ಸತ್ಯವೇ. ಜನರ ನಾಚಿಕೆಯೊಂದೇ ಒಬ್ಬ ಶತ್ರುವನ್ನು ಸುಳ್ಳಿನಿಂದ ತಡೆಯಿತು. ಅಲ್ಲಾಹನು ನೋಡುತ್ತಿದ್ದಾನೆಂದು ನಂಬಿರುವ ನಾವು ಅಂಗಡಿಯಲ್ಲಿ, ಸಾಕ್ಷಿಕಟ್ಟೆಯಲ್ಲಿ, ವಿರೋಧಿಯ ಕುರಿತು ಮಾತನಾಡುವಾಗ ಎಷ್ಟು ಎಚ್ಚರವಾಗಿದ್ದೇವೆ?