ಮೆಟ್ರಿಕ್ ಪಾಸಾಗದ ಇಂಗ್ಲಿಷ್ ಸಂಪಾದಕ: ಡಿ.ವಿ.ಗುಂಡಪ್ಪನವರ ಬದುಕು



ಶಾಗ್ಯದಂತಹ ಊರಿನಲ್ಲಿ ಉರ್ದು ಇಲ್ಲವೇ ಕನ್ನಡ ಮಾಧ್ಯಮದಲ್ಲಿ ಓದಿ ಪಿ.ಯು.ಸಿ.ಗೆ ಸೇರಿದ ನಮ್ಮ ಮಕ್ಕಳು ಮೊದಲ ತಿಂಗಳಲ್ಲೇ ಇಂಗ್ಲಿಷಿಗೆ ಹೆದರಿ ಕೈಚೆಲ್ಲುವುದುಂಟು. ಅದೊಂದೇ ವಿಷಯದಲ್ಲಿ ನಪಾಸಾಗಿ, ಓದನ್ನೇ ಬಿಟ್ಟು ಗಾರೆ ಕೆಲಸಕ್ಕೋ ಗ್ಯಾರೇಜಿಗೋ ಸೇರುವವರೂ ಇದ್ದಾರೆ. ಅಂಥವರು ವಿಶೇಷವಾಗಿ ಓದಲೆಂದು ಈ ಸಲ ಡಿ.ವಿ.ಜಿ.ಯವರ ಜೀವನವನ್ನು ಬರೆಯುತ್ತಿದ್ದೇನೆ. ‘ಮಂಕುತಿಮ್ಮನ ಕಗ್ಗ’ದ ಕವಿಯೆಂದು ನೀವು ಅವರನ್ನು ಬಲ್ಲಿರಿ. ಅವರು ಮೆಟ್ರಿಕ್ಯುಲೇಷನ್ ಪಾಸಾಗಿರಲಿಲ್ಲ, ಆದರೂ ಇಂಗ್ಲಿಷ್ ಪತ್ರಿಕೆಯೊಂದರ ಸಂಪಾದಕರಾಗಿದ್ದರು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು?

ದೇವನಹಳ್ಳಿ ವೆಂಕಟರಮಣಯ್ಯ ಗುಂಡಪ್ಪನವರು 1887ರ ಮಾರ್ಚ್ 17ರಂದು ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಹುಟ್ಟಿದರು. ಮನೆಯ ಹಿರಿಯರು ತೀರಿಕೊಂಡು ಬಡತನ ಬಂದಾಗ ಹುಡುಗನ ಓದು ನಿಲ್ಲುವ ಹಂತಕ್ಕೆ ಬಂತು. ಆಗ ಅವರನ್ನು ಮುಂದಿನ ಓದಿಗೆ ಹೊರಡಿಸುವುದರಲ್ಲಿ ನೆರವಾದವರಲ್ಲಿ ಊರಿನ ಜಟಕಾ ಗಾಡಿಯ ರಸೂಲ್ ಖಾನ್ ಒಬ್ಬರು. ತಾವು ಗಾಡಿ ಓಡಿಸುತ್ತಿದ್ದರೂ ಬೇರೆಯವರ ಮನೆಯ ಹುಡುಗ ಓದಲಿ ಎಂದು ಬಯಸಿದ ಆ ಹಿರಿಯರನ್ನು ನಾವು ಮರೆಯಬಾರದು.

ಆದರೂ ಮೆಟ್ರಿಕ್ ಪರೀಕ್ಷೆ ಅವರಿಗೆ ಒಲಿಯಲಿಲ್ಲ. ಅಲ್ಲಿಗೆ ಶಾಲೆಯ ಬಾಗಿಲು ಮುಚ್ಚಿತು. ಹೊಟ್ಟೆಪಾಡಿಗಾಗಿ ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಸೋಡಾ ಕಾರ್ಖಾನೆಯ ಕೆಲಸ ಮಾಡಿದರು. ಬೆಂಗಳೂರಿಗೆ ಬಂದು ಜಟಕಾ ಗಾಡಿಗಳಿಗೆ ಬಣ್ಣ ಹಚ್ಚುವ ಅಂಗಡಿಯಲ್ಲಿ ದುಡಿದರು. ಕೊನೆಗೆ ಪತ್ರಿಕೆಗಳಿಗೆ ಬರೆಯತೊಡಗಿದರು. ಕಾಲೇಜು ಕೊಡದ ವಿದ್ಯೆಯನ್ನು ಅವರಿಗೆ ಪತ್ರಿಕಾ ಕಚೇರಿ ಮತ್ತು ಪುಸ್ತಕಗಳು ಕೊಟ್ಟವು. ಓದುವುದು, ಓದಿದ್ದನ್ನು ತಿಳಿದುಕೊಳ್ಳುವುದು, ತಿಳಿದದ್ದನ್ನು ಮರುದಿನವೇ ಬರೆಯುವುದು: ಇದೇ ಅವರ ಪಾಠಕ್ರಮವಾಯಿತು.

1913ರಲ್ಲಿ ಅವರು ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆಯನ್ನು ಆರಂಭಿಸಿದರು. ಅದು ವಾರಕ್ಕೆ ಎರಡು ಬಾರಿ ಬರುತ್ತಿತ್ತು. ಆಗ ಅವರಿಗೆ 26 ವರ್ಷ. ಸರ್ ಎಂ.ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲವದು. ಮೈಸೂರು ಸಂಸ್ಥಾನದಲ್ಲಿ 1908ರಲ್ಲೇ ಪತ್ರಿಕೆಗಳ ಮೇಲೆ ಬಿಗಿಯಾದ ಕಾನೂನು ಬಂದಿತ್ತು. ಅಂಥ ಕಾಲದಲ್ಲಿ ಸಂಪಾದಕೀಯ ಬರೆಯುವವನು ಪ್ರತಿ ಪದವನ್ನೂ ತೂಗಿ ಇಡಬೇಕು. ಒಬ್ಬ ಅಧಿಕಾರಿ ತಪ್ಪು ಮಾಡಿದ್ದಾನೆ ಎಂಬುದು ಬೇರೆ, ತಪ್ಪು ಮಾಡಿದ್ದಾನೆಂಬ ಆರೋಪವಿದೆ ಎಂಬುದು ಬೇರೆ. ‘ಕ್ರಿಟಿಸೈಸ್’ ಎಂದರೆ ವಿಮರ್ಶಿಸುವುದು, ‘ಕಂಡೆಮ್’ ಎಂದರೆ ಖಂಡಿಸುವುದು. ‘ಅಲೆಜ್’ ಎಂದರೆ ಆರೋಪಿಸುವುದು, ‘ಪ್ರೂವ್’ ಎಂದರೆ ಸಾಬೀತು ಮಾಡುವುದು. ಈ ವ್ಯತ್ಯಾಸ ತಿಳಿಯದವನು ಸಂಪಾದಕನಾಗಲಾರ. ಪದ ಗೊತ್ತಿದ್ದರೆ ಸಾಲದು, ಅದರ ತೂಕವೂ ಗೊತ್ತಿರಬೇಕು.

ವಿದ್ಯಾರ್ಥಿಗಳೇ, ಇಲ್ಲೇ ನಿಮಗೊಂದು ದಾರಿಯಿದೆ. ಅನೇಕರು ನಿಘಂಟು ಹಿಡಿದು ದಿನಕ್ಕೆ ಇಪ್ಪತ್ತು ಪದ ಬಾಯಿಪಾಠ ಮಾಡುತ್ತಾರೆ, ವಾರದಲ್ಲಿ ಮರೆಯುತ್ತಾರೆ. ಅದರ ಬದಲು ದಿನಕ್ಕೊಂದು ಸಂಪಾದಕೀಯ ಓದಿ. ‘ಬಿಲ್’ ಎಂದರೆ ಅಂಗಡಿಯ ಚೀಟಿ ಎಂದು ನೀವು ಬಲ್ಲಿರಿ, ಸಂಪಾದಕೀಯದಲ್ಲಿ ಅದು ಮಸೂದೆ. ‘ಹೌಸ್’ ಮನೆಯಲ್ಲ, ಸದನ. ‘ಚೇರ್’ ಕುರ್ಚಿಯಲ್ಲ, ಸಭಾಧ್ಯಕ್ಷರು. ‘ಟೇಬಲ್’ ಮೇಜಲ್ಲ, ಸದನದ ಮುಂದೆ ಮಂಡಿಸುವುದು. ಈ ಅರ್ಥಗಳು ವಾಕ್ಯದೊಳಗೆ ಸಿಕ್ಕಿದರೆ ಮಾತ್ರ ಮನಸ್ಸಿನಲ್ಲಿ ಉಳಿಯುತ್ತವೆ. ಉರ್ದು ಬಲ್ಲ ನಿಮಗೆ ಇನ್ನೊಂದು ಅನುಕೂಲವಿದೆ. ಮಸೂದೆ, ಕಾನೂನು, ಅರ್ಜಿ, ವಕೀಲ, ಜಾಮೀನು ಮೊದಲಾದ ಪದಗಳು ಅರಬ್ಬಿ, ಫಾರಸಿಗಳಿಂದ ಬಂದು ಕನ್ನಡ ಪತ್ರಿಕೆಯಲ್ಲೂ ಉರ್ದು ಪತ್ರಿಕೆಯಲ್ಲೂ ನೆಲೆಸಿವೆ. ಒಂದೇ ಸುದ್ದಿಯ ಬಗ್ಗೆ ‘ಪ್ರಜಾವಾಣಿ’ಯ ಇಲ್ಲವೇ ‘ಸಾಲಾರ್’ನ ಬರಹವನ್ನು ಮೊದಲು ಓದಿ, ಆಮೇಲೆ ‘ಡೆಕ್ಕನ್ ಹೆರಾಲ್ಡ್’ ಓದಿ. ವಿಷಯ ಮೊದಲೇ ತಿಳಿದಿರುವುದರಿಂದ ಅರ್ಧ ಪದಗಳು ತಾವಾಗಿ ಅರ್ಥವಾಗುತ್ತವೆ. ಉಳಿದವುಗಳಲ್ಲಿ ಐದನ್ನು ಮಾತ್ರ, ಅವು ಬಂದ ವಾಕ್ಯದ ಸಮೇತ, ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ. ರಾತ್ರಿ ಆ ಪದಗಳನ್ನು ಬಳಸಿ ನಮ್ಮ ಊರಿನ ರಸ್ತೆಯ ಬಗ್ಗೆಯೋ ನೀರಿನ ಬಗ್ಗೆಯೋ ನಾಲ್ಕು ಸಾಲು ಬರೆಯಿರಿ.

ಇದು ಹೊಸ ಉಪಾಯವೇನಲ್ಲ. ಸರ್ ಸಯ್ಯದ್ ಅಹ್ಮದ್ ಖಾನ್‌ರವರು 1866ರಲ್ಲಿ ಆರಂಭಿಸಿದ ‘ಅಲಿಗಢ ಇನ್‌ಸ್ಟಿಟ್ಯೂಟ್ ಗೆಜೆಟ್’ನಲ್ಲಿ ಉರ್ದು ಮತ್ತು ಇಂಗ್ಲಿಷ್ ಅಕ್ಕಪಕ್ಕದ ಅಂಕಣಗಳಲ್ಲಿ ಅಚ್ಚಾಗುತ್ತಿದ್ದವು. ಸ್ವತಃ ಇಂಗ್ಲಿಷ್ ಶಾಲೆಯಲ್ಲಿ ಕಲಿಯದ ಆ ಮಹನೀಯರು ತಮ್ಮ ಜನ ಇಂಗ್ಲಿಷನ್ನು ಬಿಡಬಾರದೆಂದು 1875ರಲ್ಲಿ ಅಲಿಗಢದಲ್ಲಿ ವಿದ್ಯಾಸಂಸ್ಥೆಯನ್ನೇ ಕಟ್ಟಿದರು.

ಮತ್ತೆ ಡಿ.ವಿ.ಜಿ.ಯವರ ವಿಷಯಕ್ಕೆ ಬರೋಣ. ಇಂಗ್ಲಿಷ್ ಕಲಿತು ಅವರು ಕನ್ನಡವನ್ನು ದೂರ ಮಾಡಲಿಲ್ಲ. ಪತ್ರಿಕೋದ್ಯಮದ ಬಗ್ಗೆ ಕನ್ನಡದಲ್ಲಿ ‘ವೃತ್ತಪತ್ರಿಕೆ’ ಎಂಬ ಪುಸ್ತಕ ಬರೆದರು. ಪರ್ಷಿಯಾದ ಉಮರ್ ಖಯ್ಯಾಮ್‌ನ ಕಾವ್ಯವನ್ನು ಇಂಗ್ಲಿಷಿನ ಮೂಲಕ ಅರಿತು ‘ಉಮರನ ಒಸಗೆ’ಯಾಗಿ ಕನ್ನಡಕ್ಕೆ ತಂದರು. 1932ರಲ್ಲಿ ಮಡಿಕೇರಿಯ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಸರ್ ಮಿರ್ಜಾ ಇಸ್ಮಾಯಿಲ್‌ರವರು ದಿವಾನರಾಗಿದ್ದ ವರ್ಷಗಳಲ್ಲಿ ಮೈಸೂರಿನ ಶಾಸನ ಸಭೆಯ ಸದಸ್ಯರಾಗಿದ್ದರು. 1943ರಲ್ಲಿ ಕಗ್ಗ ಪ್ರಕಟವಾಯಿತು. ಜಟಕಾಗಳಿಗೆ ಬಣ್ಣ ಹಚ್ಚಿದ್ದ ಅವರು ಆ ಕಾವ್ಯದಲ್ಲಿ ಬದುಕನ್ನೇ ಜಟಕಾ ಬಂಡಿಗೆ ಹೋಲಿಸಿದ್ದಾರೆ.

1961ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಈ ನಪಾಸಾದ ವಿದ್ಯಾರ್ಥಿಗೆ ಗೌರವ ಡಾಕ್ಟರೇಟ್ ನೀಡಿತು. 1974ರಲ್ಲಿ ಪದ್ಮಭೂಷಣ ಬಂತು. 1970ರಲ್ಲಿ ಅಭಿಮಾನಿಗಳು ಅರ್ಪಿಸಿದ ಒಂದು ಲಕ್ಷ ರೂಪಾಯಿಯನ್ನು ಅವರು ಮನೆಗೆ ಒಯ್ಯಲಿಲ್ಲ, ತಾವು 1945ರಲ್ಲಿ ಸ್ಥಾಪಿಸಿದ್ದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಗೆ ಕೊಟ್ಟುಬಿಟ್ಟರು. 1975ರ ಅಕ್ಟೋಬರ್ 7ರಂದು ನಿಧನರಾದರು. ಬೆಂಗಳೂರಿನ ಬುಲ್ ಟೆಂಪಲ್ ರಸ್ತೆಯಲ್ಲಿ ಆ ಸಂಸ್ಥೆ ಇಂದಿಗೂ ಇದೆ.

ಪರೀಕ್ಷೆ ಬೇಡವೆಂದು ಹೇಳಲು ನಾನು ಇದನ್ನು ಬರೆಯಲಿಲ್ಲ. ಪರೀಕ್ಷೆಗೆ ಕಟ್ಟಿ, ಪಾಸಾಗಿ. ಆದರೆ ನಪಾಸಾದ ದಿನವೇ ಓದು ಮುಗಿಯಿತೆಂದು ತಿಳಿಯಬೇಡಿ. ಸದಸ್ಯರಾದ ಹಿರಿಯರಲ್ಲಿ ನನ್ನದೊಂದು ವಿನಂತಿ: ಮನೆಯಲ್ಲಿ ಸಾಧ್ಯವಾಗದಿದ್ದರೆ ನಾಲ್ಕು ಮನೆಯವರು ಸೇರಿ ಒಂದು ಇಂಗ್ಲಿಷ್ ಪತ್ರಿಕೆ ತರಿಸಿ, ಸಂಜೆ ಮಕ್ಕಳ ಕೈಗೆ ಕೊಡಿ. ರಸೂಲ್ ಖಾನ್ ಅವರಂತೆ ನೀವೂ ಒಂದು ಮಗುವನ್ನು ಓದಿನ ದಾರಿಗೆ ಹತ್ತಿಸಿ. ಅಲ್ಲಾಹನು ನಮ್ಮ ಮಕ್ಕಳ ಜ್ಞಾನವನ್ನು ಹೆಚ್ಚಿಸಲಿ. ಆಮೀನ್.